ಬಟ್ಟೆಗಿಳಿದ ಗೋಡೆ

"ಆ ಗೋಡೆ ಬಿಟ್ಟು ಈಚೆ ಬನ್ನಿ."

ಗಡಸು ದನಿ ನೀತಾಳ ಬೆನ್ನ ಹಿಂದಿನಿಂದ ಬಂತು. ಆದರೆ ತಿರುಗಿ ನೋಡುವ ಹಾಗಿರಲಿಲ್ಲ. ಅವಳ ಎರಡೂ ಅಂಗೈಗಳು ಒದ್ದೆ ಬಟ್ಟೆಯೊಂದನ್ನು ಮಸಿಗಟ್ಟಿದ ಗೋಡೆಗೆ ಒತ್ತಿ ಹಿಡಿದಿದ್ದವು. ಈಗ ಕೈ ಬಿಟ್ಟರೆ ಬಟ್ಟೆ ಜಾರಿ, ಬೆಳಗಿನಿಂದ ಮಾಡಿದ್ದೆಲ್ಲ ಹಾಳು.

"ಒಂದು ನಿಮಿಷ..." ಎಂದಳು.

"ಇದು ನಮ್ಮ ಮನೆ. ಬೀಳೂ ಮನೆ ಅಂದ್ಕೂಡ್ಲೆ ಯಾರು ಬೇಕಾದ್ರೂ ಒಳಗೆ ಬರೂದಾ?"

ನಮ್ಮ ಮನೆ... ನೀತಾ ಮೆಲ್ಲಗೆ ಕತ್ತು ಹೊರಳಿಸಿದಳು. ಬಾಗಿಲೇ ಇಲ್ಲದ ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಹೆಗಲ ಮೇಲೆ ಮಾಡಿನಿಂದ ಕಳಚಿದ ಮರದ ಪಕಾಸಿ, ಮೈಯೆಲ್ಲ ಹಂಚಿನ ಧೂಳು. ಅವನ ಕಣ್ಣಲ್ಲಿದ್ದದ್ದು ಬರೀ ಸಿಟ್ಟಲ್ಲ ಎಂದು ಅವಳಿಗೆ ಆ ಕ್ಷಣವೇ ಅನ್ನಿಸಿತು. ಅತ್ತು ಮುಗಿಸಿದವರ ಕಣ್ಣು ಹಾಗಿರುತ್ತದೆ.

ಅದು ಎರಡು ಸಾವಿರದ ಇಸವಿಯ ಬೇಸಿಗೆ. ತೋಡೂರಿನ ಆಚೆ, ಕಡಲಿಗೆ ಮುಖ ಮಾಡಿ ಕುಳಿತಿದ್ದ ಆ ಸಣ್ಣ ಊರು ನೌಕಾನೆಲೆ ಕಟ್ಟಲೆಂದು ಸರಕಾರದ ಪಾಲಾಗಿತ್ತು. ಜನ ತಮ್ಮ ಮನೆಯ ಹಂಚು, ಬಾಗಿಲು, ಕಿಟಕಿಗಳನ್ನು ತಾವೇ ಇಳಿಸಿ ಟೆಂಪೋಕ್ಕೆ ಹೇರಿಕೊಂಡು ತೋಡೂರಿನ ಹೊಸ ಕಾಲನಿಗೆ ಸಾಗುತ್ತಿದ್ದರು. ಹೇರಿಕೊಂಡು ಹೋಗಲಾಗದ್ದು ಮಣ್ಣಿನ ಗೋಡೆ ಮಾತ್ರ. ನೀತಾ ಬಂದದ್ದು ಆ ಗೋಡೆಗಳಿಗಾಗಿ.

ಕಾರವಾರದ ಕಾಜೂಬಾಗದ ಹುಡುಗಿ ಅವಳು. ತಂದೆ ರಾಮನಾಥ ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಚಿತ್ರಕಲೆ ಓದಿ, ಕ್ಯಾನ್ವಾಸು ಬಣ್ಣ ಯಾವುದೂ ಕೈಗೆ ಒಗ್ಗದೆ, ಕೊನೆಗೆ ಬಟ್ಟೆಯ ಹಿಂದೆ ಬಿದ್ದವಳು. ತುಕ್ಕು, ಗೇರುತೊಗಟೆ, ಕೆಮ್ಮಣ್ಣು... ಸಿಕ್ಕಿದ್ದನ್ನೆಲ್ಲ ಬಟ್ಟೆಗೆ ಹಚ್ಚಿ ಏನಾಗುತ್ತದೆಂದು ನೋಡುವುದೇ ಅವಳ ಕೆಲಸ. ಅದನ್ನು ಮೆಚ್ಚಿ ನಾರ್ವೆ ದೇಶದ ಬರ್ಗೆನ್ ಎಂಬ ಊರಿನ ನೇಯ್ಗೆ ಶಾಲೆಯೊಂದು ಅವಳನ್ನು ಕರೆದಿತ್ತು. ಹೊರಡಲು ಮಳೆಗಾಲ ಮುಗಿಯಬೇಕು. ಅಷ್ಟರೊಳಗೆ ಊರಿನದೇನಾದರೂ ಜೊತೆಗೆ ಒಯ್ಯಬೇಕೆಂಬ ಆಸೆ.

ಅನ್ನ ಬಸಿದ ತೆಳಿಯಲ್ಲಿ ಹಳೆಯ ಪಂಚೆಯನ್ನು ನೆನೆಸಿ, ಅಡುಗೆಮನೆಯ ಗೋಡೆಗೆ ಒತ್ತಿ, ಒಣಗಿದ ಮೇಲೆ ಸುಲಿದರೆ ಗೋಡೆಯ ಮಸಿ ಬಟ್ಟೆಗಿಳಿಯುತ್ತದೆ ಎಂದು ಅವಳು ಕಂಡುಕೊಂಡಿದ್ದಳು. ತಡವರಿಸುತ್ತ ಅದನ್ನೇ ಅವನಿಗೆ ವಿವರಿಸಿದಳು.

"ಅಂದ್ರೆ... ನಮ್ಮ ಸಂಕಟ ಬಟ್ಟೆ ಮೇಲೆ ತೆಕ್ಕೊಂಡು ಪರದೇಶದಲ್ಲಿ ತೋರ್ಸೂಕೆ," ಎಂದ ಅವನು.

ನೀತಾ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದಳು. ಸುಳ್ಳಲ್ಲವಲ್ಲ!

ಅಷ್ಟರಲ್ಲಿ ಹೊರಗೆ ಗೇರುಮರದ ನೆರಳಲ್ಲಿ, ಪಾತ್ರೆ ಪಗಡೆಗಳ ನಡುವೆ ಟೆಂಪೋಕ್ಕೆ ಕಾಯುತ್ತ ಕೂತಿದ್ದ ಅವನ ತಾಯಿ ಎದ್ದು ಬಂದರು. ಗಂಗೂ. ತೆಳ್ಳನೆಯ ಮೈ, ದೊಡ್ಡ ಕುಂಕುಮವಿದ್ದ ಜಾಗದಲ್ಲಿ ಬರೀ ಹಚ್ಚೆಯ ಚುಕ್ಕೆ. ಗೋಡೆಗಂಟಿದ ಬಟ್ಟೆಯನ್ನೂ ಹೆದರಿ ನಿಂತ ಹುಡುಗಿಯನ್ನೂ ಒಮ್ಮೆ ನೋಡಿದರು.

"ಬಿಡು ಭಾಸ್ಕರಾ. ನಾವು ಹೊತ್ಕಂಡು ಹೋಗೂಕೆ ಆಗ್ದಿದ್ದು ಇವಳಾದ್ರೂ ಹೊತ್ಕಂಡು ಹೋಗ್ಲಿ," ಎಂದರು. "ಒಣಗೂ ತನ್ಕ ಕೂತ್ಕ ತಂಗಿ. ಚಾ ಕುಡಿ."

ಒಣಗುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಸುಲಿಯಲು ಒಬ್ಬಳಿಂದ ಆಗುವಂತಿರಲಿಲ್ಲ. ಭಾಸ್ಕರ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಉಸಿರು ಬಿಗಿಹಿಡಿದು ಮೇಲಿನಿಂದ ಕೆಳಗೆ ನಿಧಾನಕ್ಕೆ ಬಿಡಿಸಿದರು.

ಗೋಡೆ ಬಟ್ಟೆಗೆ ಇಳಿದು ಬಂತು.

ಒಲೆಯ ಮೇಲಿನ ಕಡುಗಪ್ಪು. ಅದರ ಪಕ್ಕ ದೀಪದ ಗೂಡಿನ ಎಣ್ಣೆಯ ಕಲೆ. ಸೊಂಟದೆತ್ತರದಲ್ಲಿ ಮಸುಕಾದೊಂದು ಅಂಗೈ. ಗಂಗೂ ಮದುವೆಯಾಗಿ ಬಂದಾಗಿನಿಂದ ಒಲೆ ಮುಂದಿನಿಂದ ಏಳುವಾಗಲೆಲ್ಲ ಊರಿಕೊಂಡ ಕೈ.

ಗಂಗೂ ಅದರ ಮೇಲೆ ತಮ್ಮ ಅಂಗೈ ಇಟ್ಟು ನೋಡಿದರು. ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಓದು ಮುಗಿದ ಮೇಲೆ ಇದನ್ನು ತಂದುಕೊಡಬೇಕು, ಹೊಸ ಮನೆಯಲ್ಲಿ ತೂಗುಹಾಕುತ್ತೇನೆ ಎಂದು ಕೇಳಿದರು.

ನೀತಾ ಮಾತು ಕೊಟ್ಟಳು.

*

ಆಮೇಲೆ ಅವಳು ತೋಡೂರಿನ ಕಾಲನಿಗೆ ಹೋಗುವುದು ಹೆಚ್ಚಾಯಿತು. ಮೊದಲು ಗಂಗೂ ಅವರ ನೆಪ. ಆಮೇಲೆ ನೆಪವೂ ಬೇಕಾಗಲಿಲ್ಲ.

ಗದ್ದೆ ಹೋದ ಮೇಲೆ ಭಾಸ್ಕರ ಅಂಕೋಲೆಯ ಗೇರುಬೀಜದ ಕಾರ್ಖಾನೆಗೆ ಸೇರಿದ್ದ. ಬೀಜ ಹುರಿಯುವ ಕೆಲಸ. ನೀತಾ ಅಂಕೋಲೆಯ ಪೇಟೆಗೆ ಬಟ್ಟೆ ನೋಡುವ ನೆವದಲ್ಲಿ ಹೋದ ದಿನ ಅವನು ಪಾಳಿ ಮುಗಿಸಿ ಬರುತ್ತಿದ್ದ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು. ಅವಳೇ ಮಾತಾಡುತ್ತಿದ್ದಳು. ಅವನು ಕೇಳುತ್ತಿದ್ದ. ಆದರೆ ಮುಂದಿನ ಸಲ ಬರುವಾಗ ಕಾಗದದಲ್ಲಿ ಸುತ್ತಿದ ಗೇರುತೊಗಟೆಯನ್ನೋ, ಹಳೆಯ ಲಂಗರಿನಿಂದ ಕೆರೆದ ತುಕ್ಕನ್ನೋ ತಂದು ಅವಳ ಮುಂದಿಡುತ್ತಿದ್ದ. 'ನಾನು ಹೇಳಿದ್ದೆಲ್ಲ ಇವನ ತಲೆಯಲ್ಲಿ ಉಳಿಯುತ್ತದೆ...' ಅದೊಂದು ತಿಳಿವಳಿಕೆ ಅವಳನ್ನು ರಾತ್ರಿಯೆಲ್ಲ ಬೆಚ್ಚಗಿಡುತ್ತಿತ್ತು.

ನೀವು ಎನ್ನುವುದು ನೀನು ಆದದ್ದು ಯಾವಾಗ ಎಂದು ಇಬ್ಬರಿಗೂ ನೆನಪಿಲ್ಲ.

ಮನೆಯಲ್ಲಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ಕೊಂಕಣಿ ಮಾತಾಡುವ ನೌಕರದಾರರ ಮನೆ. ಮಗಳು ಒಕ್ಕಲು ಮನೆತನದ, ಕಾರ್ಖಾನೆ ಕೂಲಿಯ ಹುಡುಗನನ್ನು ತೋರಿಸಿದರೆ ರಾಮನಾಥ ಕೂಗಾಡುವವರಲ್ಲ. ಊಟ ಬಿಟ್ಟು ಸುಮ್ಮನೆ ಕೂತುಬಿಡುವವರು. ಅದಕ್ಕೇ ಹೆದರಿಕೆ. ಓದಿ ಬಂದ ಮೇಲೆ ಹೇಳುವುದೆಂದು ಇಬ್ಬರೂ ಗಟ್ಟಿ ಮಾಡಿಕೊಂಡರು.

ಹೊರಡುವ ದಿನ, ಅವಳು ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಅವನು ಅವಳ ಚೀಲ ಮೇಲಿಟ್ಟು ಕೆಳಗಿಳಿದ. ಕಿಟಕಿಯ ಸರಳು ಹಿಡಿದು ನಿಂತ. ಏನೋ ಹೇಳುತ್ತಾನೆಂದು ಅವಳು ಕಾದಳು. ಬಸ್ಸು ಹೊರಟೇಬಿಟ್ಟಿತು. ಅವನು ಹೇಳಲಿಲ್ಲ. ಅವಳೂ ಹೇಳಲಿಲ್ಲ.

*

ಬರ್ಗೆನ್ನಿನಲ್ಲಿಯೂ ಮಳೆ. ಆದರೆ ಕಾರವಾರದ ಮಳೆಯ ಹಾಗೆ ಹೊಡೆದು, ಬಡಿದು, ಬಿಸಿಲು ಬಿಟ್ಟು ಹೋಗುವ ಮಳೆಯಲ್ಲ. ನೂಲಿನಷ್ಟು ತೆಳ್ಳಗೆ, ದಿನಗಟ್ಟಲೆ, ದನಿಯಿಲ್ಲದೆ ಸುರಿಯುವ ಮಳೆ. ಬಂದರಿನ ಮರದ ಮನೆಗಳು, ಬೆಟ್ಟ, ಕಡಲು ಎಲ್ಲ ಒಂದೇ ಬೂದು ಬಣ್ಣ. ಚಳಿಗಾಲ ಬಂದ ಮೇಲೆ ಮಧ್ಯಾಹ್ನದ ಚಹಾದ ಹೊತ್ತಿಗೇ ಕತ್ತಲೆ.

ಅವಳ ಗುರು ಇಂಗ್ರಿಡ್ ಎಂಬ ವಯಸ್ಸಾದ ನೇಕಾರಳು. ಕುರಿಯ ಉಣ್ಣೆ ತೊಳೆಯುವುದು, ಬಂಡೆಯ ಮೇಲಿನ ಕಲ್ಲುಹೂವಿನಿಂದ ನೇರಳೆ ಬಣ್ಣ ಬರಿಸುವುದು, ಬರ್ಚ್ ಮರದ ಎಲೆಯ ಹಳದಿ, ಮೊಳೆಯ ತುಕ್ಕಿನ ಕಂದು, ಎಲ್ಲವನ್ನೂ ಕಲಿಸಿದಳು. ನೀತಾ ಕಲಿತಳು. ಆದರೆ ಅವಳ ಕೈಯಿಂದ ಹೊರಬರುವುದೆಲ್ಲ ಬೇರೆಯವರ ಕೆಲಸದ ನಕಲಿನಂತೆ ಕಾಣುತ್ತಿತ್ತು. ಉಣ್ಣೆ ಅವಳ ಮಾತು ಕೇಳುತ್ತಿರಲಿಲ್ಲ. 'ನಾನು ಇಲ್ಲಿಯವಳಲ್ಲ, ಇದು ನನ್ನ ಬೆರಳಿಗೆ ಗೊತ್ತಾಗಿಬಿಟ್ಟಿದೆ...' ಎಂದುಕೊಳ್ಳುತ್ತಿದ್ದಳು.

ಒಂದೇ ಒಂದು ಸಮಾಧಾನ, ಮೇಜಿನ ಎದುರು ತೂಗುಹಾಕಿದ ಗಂಗೂ ಅವರ ಗೋಡೆ. ಶಾಲೆಗೆ ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಿದ್ದರು. ಯಾರೋ ಫೋಟೋ ತೆಗೆದುಕೊಂಡರು.

ಭಾನುವಾರ ಅವಳು ಕಾಲನಿಯ ಫೋನಿಗೆ ಕರೆ ಮಾಡುತ್ತಿದ್ದಳು. ಫೋನಿದ್ದದ್ದು ಪಕ್ಕದ ಜಾನಕಕ್ಕನ ಗೂಡಂಗಡಿಯಲ್ಲಿ. ಜಾನಕಕ್ಕ ಕೂಗು ಹಾಕಿದರೆ ಗಂಗೂ ಓಡೋಡಿ ಬರುತ್ತಿದ್ದರು. ಭಾಸ್ಕರನಂತೆ ನೀತಾಳೂ ಈಗ ಅವರನ್ನು ಆಯಿ ಎಂದೇ ಕರೆಯುತ್ತಿದ್ದಳು. ಅವರದು ಮುಗಿದ ಮೇಲೆ ಭಾಸ್ಕರ. ಅವನು ಫೋನಿನಲ್ಲೂ ಮೌನಿ. ಉಸಿರು ಕೇಳಿಸಿದರೆ ಸಾಕಿತ್ತು ಅವಳಿಗೆ.

ಹೀಗೆ ಒಂದು ಬೆಳಿಗ್ಗೆ ದೀಪ ಹಾಕಿದವಳು ಬಟ್ಟೆಯ ಮೂಲೆಯಲ್ಲಿ ಬಿಳಿಯದೇನೋ ಕಂಡು ಹತ್ತಿರ ಹೋದಳು.

ಬೂಷ್ಟು.

ತೆಳಿಯ ಅಂಟು. ಅನ್ನದ ಅಂಶ. ಈ ಥಂಡಿಗೆ ಅದು ಹಿಡಿಯದೆ ಇದ್ದೀತೇ? ಊರಿನಲ್ಲಾಗಿದ್ದರೆ ಬಿಸಿಲಿಗೆ ಹಾಕಬಹುದಿತ್ತು. ಇಲ್ಲಿ ಬಿಸಿಲೆಲ್ಲಿ? ಮೃದುವಾದ ಕುಂಚದಿಂದ ಒರೆಸಿದಳು. ಬೂಷ್ಟಿನ ಜೊತೆ ಮಸಿಯೂ ಬಂತು. ಇಂಗ್ರಿಡ್ ಹೇಳಿದಂತೆ ಸ್ಪಿರಿಟ್ ತಾಗಿಸಿದಳು. ಎಣ್ಣೆಯ ಕಲೆ ಹರಡಿಕೊಂಡಿತು. ಹೀಟರಿನ ಹತ್ತಿರ ತೂಗುಹಾಕಿದಳು. ಮಸಿ ಒಣಗಿ, ಚಕ್ಕೆ ಚಕ್ಕೆಯಾಗಿ ಎದ್ದು, ನೆಲಕ್ಕುದುರಿತು. ಉಳಿಸಲು ಮಾಡಿದ ಒಂದೊಂದು ಪ್ರಯತ್ನವೂ ಒಂದೊಂದು ತುಂಡು ಗೋಡೆಯನ್ನು ಕೆಡವಿತು.

ಕೊನೆಗೆ ಹೋದದ್ದು ಆ ಅಂಗೈ.

ಆ ವಾರ ಗಂಗೂ ಎಂದಿನಂತೆ ಕೇಳಿದರು: "ತಂಗೀ, ನನ್ನ ಗೋಡೆ ಹೆಂಗದೆ?"

ಹೇಳಬೇಕು. ಈಗಲೇ ಹೇಳಿಬಿಡಬೇಕು...

"ಚೆಂದ ಅದೆ ಆಯೀ," ಎಂದಳು ನೀತಾ.

ಮುಂದಿನ ಭಾನುವಾರ ಮತ್ತೆ ಅದೇ ಪ್ರಶ್ನೆ ಬಂದೀತೆಂಬ ಭಯಕ್ಕೆ ಎರಡು ಮಾತಾಡಿ ಫೋನ್ ಇಟ್ಟಳು. ಅದರ ಮುಂದಿನ ವಾರ ಜ್ವರವೆಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಫೋನ್ ಬೂತಿನ ರಸ್ತೆಯನ್ನೇ ಬಿಟ್ಟು ಬಳಸಿ ನಡೆಯತೊಡಗಿದಳು. ಇಷ್ಟು ದಿನ ಬಿಟ್ಟು ಈಗ ಮಾಡಿದರೆ ಏನೆಂದಾರು? ಹೀಗೆ ಯೋಚಿಸುತ್ತ ತಿಂಗಳುಗಳು ಸರಿದವು. ಸರಿದಷ್ಟೂ ಕರೆ ಮಾಡುವುದು ಕಷ್ಟವಾಯಿತು.

ವಿಚಿತ್ರವೆಂದರೆ, ಅವಳ ಕೆಲಸ ತೆರೆದುಕೊಂಡದ್ದು ಆಗಲೇ. ಉಳಿಸುವ ಹಟ ಬಿಟ್ಟಳು. ಬಟ್ಟೆಗಳನ್ನು ಮಳೆಗೆ ಬಿಟ್ಟಳು, ಬಂದರಿನ ಕಂಬಗಳಿಗೆ ಕಟ್ಟಿ ಉಪ್ಪುನೀರಿಗೆ ಬಿಟ್ಟಳು, ತುಕ್ಕಿಗೆ, ಬೂಷ್ಟಿಗೆ ಬಿಟ್ಟಳು. ಅವೆಲ್ಲ ತಿಂದು ಉಳಿಸಿದ್ದನ್ನು ತಂದು ಹೊಲಿದಳು. ಅವುಗಳಲ್ಲಿ ಏನೋ ಇತ್ತು. ಇಂಗ್ರಿಡ್ ಬಹಳ ಹೊತ್ತು ನೋಡಿ, ಇದು ನಿನ್ನದು ಎಂದಳು. ಪ್ರದರ್ಶನವಾಯಿತು. ಇನ್ನೊಂದು ವರ್ಷ ಇರುವಂತೆ ಶಾಲೆ ಕೇಳಿತು. ಜನ ಚಪ್ಪಾಳೆ ತಟ್ಟುವಾಗ ನೀತಾಳಿಗೆ ಮಾತ್ರ ತಾನೊಬ್ಬಳು ಕಳ್ಳಿ ಎನ್ನಿಸುತ್ತಿತ್ತು. ಒಬ್ಬ ತಾಯಿಯ ಅಂಗೈ ಅಳಿಸಿ ಕಲಿತ ವಿದ್ಯೆ ಇದು...

ಕೊನೆಗೆ ಅಲ್ಲಿ ಇರಲಾರದೆ ಎದ್ದು ಬಂದಳು.

*

ಅವಳು ಕಾರವಾರಕ್ಕೆ ಬಂದಿಳಿದದ್ದು ಎರಡು ಸಾವಿರದ ಮೂರರ ಮುಂಗಾರಿನಲ್ಲಿ. ಮಾರನೆಯ ದಿನವೇ ತೋಡೂರಿಗೆ ಹೋದಳು. ಚೀಲದಲ್ಲಿ ಆ ಬಟ್ಟೆ, ಈಗ ಬರೀ ಕೊಳಕು ಬೂದುಬಣ್ಣದ ಪಂಚೆ. ಏನು ಹೇಳಬೇಕೆಂದು ವಿಮಾನ ಪ್ರಯಾಣದುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮನೆಯ ಬಾಗಿಲಿಗೆ ಹಾಕಿದ್ದ ಬೀಗ ಕಂಡೊಡನೆ ಮರೆತುಹೋದವು.

ಜಾನಕಕ್ಕ ಅಂಗಡಿಯಿಂದ ಇಳಿದು ಬಂದರು. ಕೊಡೆ ಹಿಡಿಯಲಿಲ್ಲ, ಒಳಗೆ ಬಾ ಎನ್ನಲಿಲ್ಲ.

"ಗಂಗಕ್ಕ ಹೋದ ಆಷಾಢದಲ್ಲೇ ತೀರ್ಕಂಡ್ಳು," ಎಂದರು.

ಮಳೆಯ ಸದ್ದಿಗೆ ತಪ್ಪಾಗಿ ಕೇಳಿತೇನೋ ಎಂದು ನೀತಾ ಒಂದು ಹೆಜ್ಜೆ ಹತ್ತಿರ ಬಂದಳು.

ಮಿಕ್ಕದ್ದನ್ನು ಜಾನಕಕ್ಕನೇ ಹೇಳಿದರು. ಮೊದಲು ಕೆಮ್ಮು, ಆಮೇಲೆ ಹಾಸಿಗೆ. ಭಾನುವಾರ ಬಂದರೆ ಫೋನಿಗೆ ಕಾಯುತ್ತ ಅಂಗಡಿಯ ಬೆಂಚಿನ ಮೇಲೆ ಬಂದು ಕೂರುವುದನ್ನು ಮಾತ್ರ ಗಂಗೂ ಕಡೆತನಕ ಬಿಡಲಿಲ್ಲವಂತೆ. ನೀತಾಳ ಸುದ್ದಿ ಕಾರವಾರದ ಪತ್ರಿಕೆಯೊಂದರಲ್ಲಿ ಬಂದಿತ್ತಂತೆ, ಪರದೇಶದಲ್ಲಿ ಮಿಂಚಿದ ನಮ್ಮೂರ ಹುಡುಗಿ ಎಂದು. ಜೊತೆಗೆ ಗೋಡೆಬಟ್ಟೆಯ ಫೋಟೋ. ಹಳೆಯ ಫೋಟೋ ಎಂದು ಇಲ್ಲಿ ಯಾರಿಗೆ ಗೊತ್ತು? ಭಾಸ್ಕರ ಅದನ್ನು ಓದಿ ಮಡಚಿಟ್ಟು, ಆವತ್ತಿನಿಂದ ಅವಳ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದನಂತೆ.

"ಅವನು ಅಂಕೋಲೆಯಲ್ಲೇ ಇರ್ತ. ಇಲ್ಲಿ ಬಂದ್ರೂ ಅಡುಗೆಮನೆ ಬಾಗ್ಲು ತೆಗ್ಯೂದಿಲ್ಲ," ಎಂದು ಜಾನಕಕ್ಕ ಮುಖ ತಿರುಗಿಸಿಕೊಂಡರು.

ನೀತಾ ಆ ಬೀಗ ಹಾಕಿದ ಬಾಗಿಲಿನ ಮೆಟ್ಟಿಲ ಮೇಲೆ ಕೂತಳು. ಅಳು ಬರಲಿಲ್ಲ. ಅಳುವ ಹಕ್ಕೂ ತನಗಿಲ್ಲವೆನ್ನಿಸಿತು.

*

ಅಂಕೋಲೆಯ ಕಾರ್ಖಾನೆಯ ಗೇಟಿನ ಎದುರು ಅವಳು ಸಂಜೆಯವರೆಗೆ ಕಾದಳು. ಹುರಿದ ಗೇರುಸಿಪ್ಪೆಯ ಹೊಗೆ ಮಳೆಗೆ ಮೇಲೇರಲಾರದೆ ರಸ್ತೆಯ ಮೇಲೇ ಕವಿದಿತ್ತು. ಪಾಳಿ ಬಿಟ್ಟಾಗ ಜನರ ಗುಂಪಿನ ನಡುವೆ ಅವನು ಬಂದ. ಬಡವಾಗಿದ್ದ. ಬೆರಳುಗಳೆಲ್ಲ ಸಿಪ್ಪೆಯೆಣ್ಣೆಯಿಂದ ಕಪ್ಪಾಗಿ ಸುಲಿದಿದ್ದವು.

ಅವಳನ್ನು ಕಂಡು ನಿಂತ. ಒಂದು ಕ್ಷಣ ಅವನ ಮುಖದಲ್ಲಿ ಏನೋ ಬೆಳಗಿ, ಅಷ್ಟೇ ಬೇಗ ಆರಿತು.

"ಯಾವಾಗ ಬಂದ್ರಿ?"

ಬಂದ್ರಿ. ನೀವು. ಬೈದಿದ್ದರೆ ಸಹಿಸಬಹುದಿತ್ತು.

"ಭಾಸ್ಕರಾ, ಆಯಿ..."

"ಹೌದು. ಹೋದ್ರು." ಅವನು ರಸ್ತೆಯ ಕಡೆ ನೋಡಿದ. "ಗೋಡೆ ಅಲ್ಲಿ ಬಹಳ ಚೆಂದ ಕಾಣ್ತದಂತೆ. ಪೇಪರಲ್ಲಿ ನೋಡ್ದೆ. ಅಲ್ಲೇ ಇರ್ಲಿ, ಇಲ್ಲಿ ಈಗ ನೋಡೂಕೆ ಯಾರೂ ಇಲ್ಲ."

ನೀತಾ ಚೀಲದ ಬಟ್ಟೆ ತೆಗೆದು ಅವನ ಮುಂದೆ ಹಿಡಿದಳು. ಎಲ್ಲ ಹೇಳಿದಳು. ಬೂಷ್ಟು, ಸ್ಪಿರಿಟ್, ಹೀಟರು, ಉದುರಿದ ಮಸಿ, ಆಡಿದ ಸುಳ್ಳು. ಗೇಟಿನ ಎದುರು, ಜನ ನೋಡುತ್ತಿರುವಾಗ, ಒಂದನ್ನೂ ಮುಚ್ಚಿಡದೆ.

ಅವನು ಬಟ್ಟೆ ಮುಟ್ಟಲಿಲ್ಲ.

"ಹಾಳಾಯ್ತು ಅಂತ ಹೇಳೂಕೆ ಇಷ್ಟು ವರ್ಷ ಬೇಕಾಯ್ತಾ?" ಎಂದ. ದನಿ ಏರಿರಲಿಲ್ಲ. "ಆಯಿ ಕಡೀಗೆ ಗೋಡೆ ಕೇಳೂದು ಬಿಟ್ಟಿದ್ರು. ಹುಡುಗಿ ಎಂತಕ್ಕೆ ಫೋನ್ ಮಾಡೂದಿಲ್ಲ, ಹುಷಾರಿದ್ದಾಳನಾ... ಅದೊಂದೇ ಕೇಳ್ತಿದ್ರು."

ಅಷ್ಟು ಹೇಳಿ ನಡೆದುಬಿಟ್ಟ. ಅವಳು ಬಟ್ಟೆಯನ್ನು ಎದೆಗೊತ್ತಿಕೊಂಡು ಮಳೆಯಲ್ಲಿ ನಿಂತಿದ್ದಳು. ಹಿಂದೆ ಹೋಗಲಿಲ್ಲ. ಹೋಗಿ ಏನು ಕೇಳುವುದು? ಕ್ಷಮೆಯನ್ನೇ? ಅದನ್ನು ಕೊಡಬೇಕಾದವರೇ ಇರಲಿಲ್ಲ.

ಮನೆಗೆ ಬಂದ ಮಗಳು ಒದ್ದೆ ಬಟ್ಟೆಯಲ್ಲೇ ಕೂತದ್ದನ್ನು ಕಂಡು ರಾಮನಾಥ ಗಾಬರಿಯಾದರು. ಆ ರಾತ್ರಿ ನೀತಾ ತಂದೆಯ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಮುಚ್ಚಿಡುವುದರ ಬೆಲೆ ಅವಳಿಗೀಗ ಗೊತ್ತಿತ್ತು. ಅವಳು ಎಣಿಸಿದಂತೆಯೇ ರಾಮನಾಥ ಊಟ ಬಿಟ್ಟು ಕೂತರು. ಮರುದಿನ ಮಾತ್ರ ಚಹಾ ಕುಡಿಯುತ್ತ, ತಮ್ಮಷ್ಟಕ್ಕೆ ಹೇಳುವಂತೆ ಕೊಂಕಣಿಯಲ್ಲಿ ಒಂದು ಮಾತು ಹೇಳಿದರು: ಸತ್ತವರ ಮನೆಗೆ ಕರೆಯದಿದ್ದರೂ ಹೋಗಬೇಕು.

*

ಗಂಗೂ ಅವರ ವರ್ಷದ ತಿಥಿಯ ದಿನ ನೀತಾ ಬೆಳಿಗ್ಗೆಯೇ ತೋಡೂರಿಗೆ ಹೋದಳು. ಅಂಗಳದಲ್ಲಿ ತಾಡಪತ್ರಿ ಕಟ್ಟಿ, ಅದರಡಿ ಕಲ್ಲುಗಳನ್ನಿಟ್ಟು ಒಲೆ ಹೂಡಿದ್ದರು. ಭಾಸ್ಕರ, ತಿಥಿ ಮಾಡಿಸಲು ಬಂದ ಭಟ್ಟರ ಎದುರು ಕೂತಿದ್ದ. ಅವಳನ್ನು ಕಂಡ. ಬಾ ಎನ್ನಲಿಲ್ಲ. ಹೋಗು ಎಂದೂ ಹೇಳಲಿಲ್ಲ.

ಹೆಂಗಸರು ಮೊದಲು ಸರಿದು ಕೂತರು. ನೀತಾ ಯಾರನ್ನೂ ಕೇಳದೆ ತುರಿಮಣೆ ಎಳೆದುಕೊಂಡು ಕಾಯಿ ತುರಿಯಲು ಕೂತಳು. ರಾಶಿ ಕಾಯಿ ಮುಗಿಯುವ ಹೊತ್ತಿಗೆ ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. ಜಾನಕಕ್ಕ ಒಂದು ಲೋಟ ಚಹಾ ತಂದು ಅವಳ ಪಕ್ಕ ಇಟ್ಟು ಹೋದರು.

ಮಧ್ಯಾಹ್ನ ಎಲೆ ಎತ್ತಿ ಜನ ಚದುರಿದರು. ಮಳೆ ಹನಿಯುತ್ತಿತ್ತು. ಹಿತ್ತಲಿನಲ್ಲಿ ದೊಡ್ಡ ಪಾತ್ರೆಗಳ ರಾಶಿ. ನೀತಾ ಸೀರೆ ಎತ್ತಿ ಕಟ್ಟಿ, ಬೂದಿ ಮತ್ತು ತೆಂಗಿನ ನಾರು ಹಿಡಿದು ತಿಕ್ಕುತ್ತ ಕೂತಳು. ಆಗ ಅವಳಿಗೆ ಅಳು ಬಂತು. ಅಷ್ಟು ದಿನ ಬಾರದ್ದು, ಪಾಯಸದ ಹಂಡೆಯ ಒಳಗೆ ತಲೆ ಬಗ್ಗಿಸಿಕೊಂಡು, ಬಿಕ್ಕಿ ಬಿಕ್ಕಿ.

ಎಷ್ಟು ಹೊತ್ತಾಯಿತೋ... ತಲೆಯೆತ್ತಿದಾಗ ಭಾಸ್ಕರ ಬಾವಿಕಟ್ಟೆಯ ಹತ್ತಿರ ನಿಂತಿದ್ದ. ಬಂದು ಎದುರು ಕೂತ. ಒಂದು ಪಾತ್ರೆ ಎಳೆದುಕೊಂಡು ತಿಕ್ಕತೊಡಗಿದ. ಪಾತ್ರೆಗಳ ರಾಶಿ ಅರ್ಧವಾಯಿತು.

"ನಂಗೂ ಒಂದು ಹೇಳೂದದೆ," ಎಂದ ಕೊನೆಗೆ. ಕಣ್ಣು ಪಾತ್ರೆಯ ಮೇಲೆಯೇ ಇತ್ತು. "ಅಲ್ಲೀ ನಂಬರ್ ನನ್ನ ಹತ್ರ ಇತ್ತು. ಆಯಿ ಮಾಡು ಮಾಡು ಅಂತಿದ್ರು. ಮಾಡ್ಲಿಲ್ಲ. ಹೋದ ಮೇಲೂ ತಿಳಿಸ್ಲಿಲ್ಲ. ದೊಡ್ಡವಳಾದ್ಳು, ಮರ್ತ್ಳು, ಇವಳಿಗೆ ಎಂತಕ್ಕೆ ತಿಳಿಸ್ಬೇಕು ಅಂತ ಹಟ. ನಾ ಒಂದು ಸಲ ಫೋನ್ ಮಾಡಿದ್ರೆ... ಆಯಿ ನಿನ್ನ ದನಿ ಕೇಳಿ ಹೋಗ್ತಿದ್ರು."

ನಿನ್ನ. ನೀತಾಳ ಕೈ ನಿಂತಿತು.

"ತಪ್ಪು ನಂದು," ಎಂದಳು.

"ನಿಂದು ಅದೆ. ಇಲ್ಲ ಅನ್ನೂದಿಲ್ಲ. ನಂದೂ ಅದೆ."

ಅವಳು ಬೂದಿ ಹತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನನ್ನು ನೋಡಿದಳು. ಬಸ್ಸಿನ ಕಿಟಕಿಯಲ್ಲಿ ಹೇಳದೆ ಹೋದದ್ದು, ಅಷ್ಟು ದೂರದ ದೇಶದಲ್ಲಿ ಪ್ರತಿ ಭಾನುವಾರ ನುಂಗಿಕೊಂಡದ್ದು, ಈಗ ಹೇಳದಿದ್ದರೆ ಮತ್ತೆಂದೂ ಇಲ್ಲ.

"ಆ ಬಟ್ಟೆ ತಂದುಕೊಡೂಕೆ ನನ್ನಿಂದ ಆಗೂದಿಲ್ಲ. ಆಯಿನೂ ತಂದುಕೊಡೂಕೆ ಆಗೂದಿಲ್ಲ. ಕೈಯಲ್ಲಿ ಎಂತದೂ ಇಲ್ದೆ ಬಂದಿದ್ದೆ, ಭಾಸ್ಕರಾ. ನೀ ಅಂದ್ರೆ ನಂಗೆ ಜೀವ. ಅಷ್ಟೇ ಉಳಿದದ್ದು. ಬೇಡ ಅಂದ್ರೆ ಪಾತ್ರೆ ತೊಳೆದಿಟ್ಟು ಹೋಗ್ತೆ."

ಅವನು ತೊಳೆದ ಪಾತ್ರೆಗಳನ್ನು ಕೈಗೆತ್ತಿಕೊಂಡು ಎದ್ದ. ಹೋಗಿ ಹಿತ್ತಲ ಬಾಗಿಲಿನ ಎದುರು ನಿಂತ. ಒಂದು ವರ್ಷದಿಂದ ಮುಚ್ಚಿದ್ದ ಅಡುಗೆಮನೆಯ ಬಾಗಿಲು. ಭುಜ ಕೊಟ್ಟು ನೂಕಿದ. ಮಳೆಗೆ ಉಬ್ಬಿದ ಹಲಗೆ ಕಿರುಗುಟ್ಟಿ ತೆರೆಯಿತು. ಒಳಗೆ ಮುಗ್ಗಲು ವಾಸನೆ, ಕತ್ತಲೆ. ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ಅವನ ಬೆನ್ನು ಅದುರುತ್ತಿರುವುದು ಅವಳಿಗೆ ಕಂಡಿತು.

ನೀತಾ ಎದ್ದು ಹೋಗಿ ಅವನ ಕೈಯಿಂದ ಪಾತ್ರೆಗಳನ್ನು ಇಳಿಸಿಕೊಂಡಳು. ಆಮೇಲೆ ಅವನ ತಲೆ ಅವಳ ಹೆಗಲಿಗೆ ಬಂತು. ತಾಯಿ ಹೋದಾಗ ಅವನು ಅಳಲಿಲ್ಲವೆಂದು ಜಾನಕಕ್ಕ ಹೇಳಿದ್ದರು. ಈಗ ಅತ್ತ.

ಮಳೆ ಜೋರಾಯಿತು, ಕಡಿಮೆಯಾಯಿತು. ಹೆದ್ದಾರಿಯ ಮೇಲೆ ಕಾರವಾರದ ಕಡೆಗೆ ಬಸ್ಸೊಂದು ಹೋದ ಸದ್ದು ಕೇಳಿತು. ಇಬ್ಬರೂ ಅಡುಗೆಮನೆಯ ಹೊಸ್ತಿಲ ಮೇಲೆ ಅಕ್ಕಪಕ್ಕ ಕೂತಿದ್ದರು.

"ನಾಳೆ ನಿಮ್ಮನೆಗೆ ಬರ್ತೆ," ಎಂದ ಅವನು, ಮುಖ ಒರೆಸಿಕೊಂಡು. "ನಿನ್ನ ಅಪ್ಪನ ಹತ್ರ."

"ಬಂದು ಎಂತ ಹೇಳ್ತಿ?"

ಅವನು ಹೊಸ್ತಿಲ ಧೂಳನ್ನು ಅಂಗೈಯಿಂದ ಒರೆಸಿದ.

"ಹೇಳೂದು ನೀನೇ. ನಂಗೆ ಮಾತು ಬರೂದಿಲ್ಲಲ್ಲ. ನಾ ಪಕ್ಕದಲ್ಲಿ ಕೂತ್ಕಂತೆ."

"ನನ್ನ ಹೆಸರು ಬಂದ ಕೂಡ್ಲೆ ಎದ್ದು ಹೋಗೂದಿಲ್ವಲ್ಲ?"

"ಏಳೂದಿಲ್ಲ."